ಪೋಲೆಂಡಿನಲ್ಲಿ ‘ಗೋ’ ಎಂದರೆ ಸಾಲದು

ಇಂಗ್ಲಿಷ್ ಕಲಿಯತೊಡಗಿದ ಮಕ್ಕಳಿಗೆ ಮೊದಲ ವಾರದಲ್ಲೇ ಪರಿಚಯವಾಗುವ ಪದಗಳಲ್ಲಿ ‘ಗೋ’ ಒಂದು. ಬರೆಯಲು ಎರಡೇ ಅಕ್ಷರ, ಹೇಳಲು ಒಂದೇ ಉಸಿರು. ಪಕ್ಕದ ಮನೆಗೆ ಹೋಗುವುದಕ್ಕೂ ಅದೇ ಪದ, ದೆಹಲಿಗೆ ಹೋಗುವುದಕ್ಕೂ ಅದೇ ಪದ, ಚಂದ್ರಲೋಕಕ್ಕೆ ಹೋಗುವುದಕ್ಕೂ ಅದೇ ಪದ. ಹಾಲು ಹುಳಿಯಾದರೆ ಅಲ್ಲೊಂದು ‘ಗೋ’, ದೀಪ ಆರಿದರೆ ಇನ್ನೊಂದು ‘ಗೋ’. ಮೋಡ ಕವಿದು ಮಳೆ ಬರುವಂತಿದ್ದರೆ ಅಲ್ಲಿಯೂ ಒಂದು ‘ಗೋಯಿಂಗ್’ ಹಾಜರು!

ಕನ್ನಡ ಬಲ್ಲವರಿಗೆ ಇದು ವಿಚಿತ್ರವೆನಿಸುವುದಿಲ್ಲ. ಕನ್ನಡದ ‘ಹೋಗು’ ಕೂಡ ಇಂಥದೇ ದುಡಿಮೆಗಾರ. ಗದ್ದೆಗೆ ಹೋಗುತ್ತಾರೆ, ಅಮೆರಿಕಕ್ಕೂ ಹೋಗುತ್ತಾರೆ. ಹಾಲು ಕೆಟ್ಟುಹೋಗುತ್ತದೆ, ದೀಪ ಆರಿಹೋಗುತ್ತದೆ, ಪರೀಕ್ಷೆಯ ಹಿಂದಿನ ರಾತ್ರಿಯೇ ಕರೆಂಟು ಹೋಗುತ್ತದೆ. ಹೀಗಾಗಿ ಒಂದು ಭಾಷೆಯ ‘ಗೋ’ಗೆ ಮತ್ತೊಂದು ಭಾಷೆಯಲ್ಲೂ ಒಂದೇ ಪದ ಇದ್ದೇ ಇರುತ್ತದೆಂದು ಭಾವಿಸುವುದು ಸಹಜ. ಈ ಭಾವನೆಯನ್ನು ಜೇಬಿನಲ್ಲಿಟ್ಟುಕೊಂಡು ಪೋಲೆಂಡಿನಲ್ಲಿ ಇಳಿದ ಪ್ರವಾಸಿಗೆ ಮೊದಲ ದಿನವೇ ಪಾಠ ಆರಂಭವಾಗುತ್ತದೆ. ಏಕೆಂದರೆ ಪೋಲಿಷ್ ಭಾಷೆಯಲ್ಲಿ ಸುಮ್ಮನೆ ‘ಹೋಗು’ ಎನ್ನುವ ಪದವೇ ಇಲ್ಲ.

ಹೇಗೆ ಹೋಗುವುದು? ನಡೆದೋ, ವಾಹನದಲ್ಲೋ? ಈಗ ಹೋಗುತ್ತಿರುವುದೋ, ದಿನವೂ ಹೋಗಿಬರುವುದೋ? ಈ ಪ್ರಶ್ನೆಗಳಿಗೆ ಉತ್ತರ ಕೊಡದೆ ಪೋಲಿಷರ ಬಾಯಲ್ಲಿ ವಾಕ್ಯವೇ ಹೊರಡುವುದಿಲ್ಲ.

ನಾಲ್ಕು ಬಾಗಿಲು

ರಾಜಧಾನಿ ವಾರ್ಸಾದಿಂದಲೇ ಆರಂಭಿಸೋಣ. ಮನೆಯಿಂದ ಹೊರಬಿದ್ದು ಕಾಲ್ನಡಿಗೆಯಲ್ಲಿ ಅಂಗಡಿಯತ್ತ ಹೊರಟವರು ‘ಇದೆ’ ಎನ್ನುತ್ತಾರೆ. ‘ನಾನು ನಡೆದು ಹೋಗುತ್ತಿದ್ದೇನೆ’ ಎಂದು ಇದರ ಅರ್ಥ. ಉಚ್ಚಾರಣೆ ಬಹುಮಟ್ಟಿಗೆ ಕನ್ನಡದ ‘ಇದೆ’ಯಂತೆಯೇ. ಕನ್ನಡದಲ್ಲಿ ಕದಲದೆ ಇರುವುದನ್ನು ಸೂಚಿಸುವ ಸದ್ದು ಅಲ್ಲಿ ನಡೆಯುತ್ತಿರುವುದನ್ನು ಸೂಚಿಸುತ್ತದೆ! ಇದರ ಮೂಲರೂಪ ‘ಇಶ್ಚ್’.

ಅದೇ ವ್ಯಕ್ತಿ ಟ್ರಾಮಿನಲ್ಲೋ ಬಸ್ಸಿನಲ್ಲೋ ಕುಳಿತಿದ್ದರೆ ‘ಯಾದೆ’ ಎನ್ನಬೇಕು. ಮೂಲರೂಪ ‘ಯೆಹಾಚ್’. ಕಾರು, ರೈಲು, ಸೈಕಲ್ಲು, ಕುದುರೆ ಎಲ್ಲಕ್ಕೂ ಇದು ಸಲ್ಲುತ್ತದೆ. ಕಟ್ಟಡದೊಳಗೆ ಲಿಫ್ಟಿನಲ್ಲಿ ಎರಡು ಮಹಡಿ ಏರಿದರೂ ಅದು ‘ಯೆಹಾಚ್’ ಆಗುತ್ತದೆ; ಮೆಟ್ಟಿಲು ಹತ್ತಿದರೆ ‘ಇಶ್ಚ್’ನ ಬಳಗ. ವಿಮಾನಕ್ಕೆ ಹಾರುವ ಪದ, ದೋಣಿಗೆ ತೇಲುವ ಪದ ಬೇರೆ ಇವೆ.

ಇನ್ನು ಅಭ್ಯಾಸದ ಮಾತು. ದಿನವೂ, ಆಗಾಗ, ಹಲವು ಬಾರಿ ನಡೆದು ಹೋಗಿಬರುವುದು ‘ಹೊಜಿಚ್’. ವಾಹನದಲ್ಲಿ ಹಾಗೆ ಹೋಗಿಬರುವುದು ‘ಯೆಝ್ಜಿಚ್’. ಹೀಗೆ ಇಂಗ್ಲಿಷಿನ ಒಂದು ಬಾಗಿಲಿನ ಎದುರು ಪೋಲಿಷಿನಲ್ಲಿ ನಾಲ್ಕು ಬಾಗಿಲು. ತಪ್ಪು ಬಾಗಿಲು ತಟ್ಟಿದರೆ ಏನಾಗುತ್ತದೆ? ವಾರ್ಸಾದಿಂದ ಕ್ರಾಕೋವ್ ನಗರ ಸುಮಾರು 300 ಕಿ.ಮೀ. ದೂರದಲ್ಲಿದೆ. ರೈಲಿಗೆ ಕಾಯುತ್ತಿರುವ ವಿದೇಶೀಯನೊಬ್ಬ ‘ಇದೆ ದೊ ಕ್ರಾಕೊವಾ’ ಎಂದರೆ ಕೇಳಿದವರು ಅವನ ಬೂಟುಗಳತ್ತ ನೋಡುತ್ತಾರೆ. 300 ಕಿ.ಮೀ. ದೂರವನ್ನು ನಡೆದೇ ಮುಗಿಸುತ್ತೇನೆಂದು ಆತ ಘೋಷಿಸಿದಂತಾಯಿತು. ‘ಯಾದೆ ದೊ ಕ್ರಾಕೊವಾ’ ಎಂದರೆ ಯಾರ ಹುಬ್ಬೂ ಮೇಲೇರುವುದಿಲ್ಲ.

ನಿಯಮವಿದ್ದಲ್ಲಿ ಅಪವಾದವೂ ಇರಬೇಕಲ್ಲ! ‘ನಾನು ಶಾಲೆಗೆ ಹೋಗುತ್ತೇನೆ’ ಎನ್ನಲು ಪೋಲಿಷ್ ಮಕ್ಕಳು ನಡಿಗೆಯ ‘ಹೊಜಿಚ್’ ಪದವನ್ನೇ ಬಳಸುತ್ತಾರೆ, ದಿನವೂ ಬಸ್ಸಿನಲ್ಲಿ ಹೋದರೂ ಸರಿ. ಅಲ್ಲಿ ಹೇಳಬೇಕಾದದ್ದು ‘ನಾನು ವಿದ್ಯಾರ್ಥಿ’ ಎಂಬ ಸಂಗತಿ. ಬಸ್ಸಿನ ವಿಷಯವನ್ನೇ ಹೇಳಬೇಕಾದಾಗ ಮಾತ್ರ ‘ಯೆಝ್ಜಿಚ್’ ಬರುತ್ತದೆ.

ದಾರಿ ಕೇಳುವಾಗ ಈ ಭೇದದ ಬೆಲೆ ತಿಳಿಯುತ್ತದೆ. ‘ಅಲ್ಲಿಗೆ ಹೇಗೆ ಹೋಗುವುದು?’ ಎಂಬ ಪ್ರಶ್ನೆ ಪೋಲಿಷಿನಲ್ಲಿ ಎರಡು. ‘ಯಾಕ್ ದೊಯ್ಶ್ಚ್’ ಎಂದು ಕೇಳಿದರೆ ಎಡಕ್ಕೆ ತಿರುಗಿ, ಚೌಕ ದಾಟಿ, ನೇರ ನಡೆಯಿರಿ ಎಂಬ ಉತ್ತರ ಸಿಗುತ್ತದೆ. ‘ಯಾಕ್ ದೊಯೆಹಾಚ್’ ಎಂದರೆ ಯಾವ ನಂಬರಿನ ಟ್ರಾಮು, ಎಷ್ಟನೆಯ ನಿಲ್ದಾಣ ಎಂದು ಹೇಳುತ್ತಾರೆ. (ಇಲ್ಲಿಯ ‘ಯಾಕ್’ ಎಂದರೆ ‘ಹೇಗೆ’. ಅದನ್ನು ‘ಯಾಕೆ’ ಎಂದು ಕೇಳಿಸಿಕೊಂಡು ಕನ್ನಡಿಗರು ಗಲಿಬಿಲಿಗೊಳ್ಳಬಾರದು.) ಭಾರವಾದ ಪೆಟ್ಟಿಗೆ ಹೊತ್ತು ಮೊದಲನೆಯ ಪ್ರಶ್ನೆ ಕೇಳಿದವರು ವ್ಯಾಕರಣದ ತಪ್ಪಿಗೆ ಕಾಲುನೋವಿನ ದಂಡ ತೆರಬೇಕಾದೀತು.

ಅಯನ ಮತ್ತು ಯಾನ

ಈ ಜೋಡಿಯನ್ನು ನೆನಪಿಡಲು ಭಾರತೀಯ ವಿದ್ಯಾರ್ಥಿಗಳಿಗೆ ಒಂದು ಸುಲಭ ಉಪಾಯವಿದೆ. ಪೋಲಿಷ್ ಭಾಷೆಯೂ ಸಂಸ್ಕೃತವೂ ಇಂಡೋ-ಯುರೋಪಿಯನ್ ಎಂಬ ಒಂದೇ ದೊಡ್ಡ ಕುಟುಂಬಕ್ಕೆ ಸೇರಿದವು. ಕನ್ನಡ ದ್ರಾವಿಡ ಕುಟುಂಬದ ಭಾಷೆಯಾದರೂ ಸಂಸ್ಕೃತದಿಂದ ಪದಗಳನ್ನು ಧಾರಾಳವಾಗಿ ತೆಗೆದುಕೊಂಡಿದೆ. ಸಂಸ್ಕೃತದಲ್ಲಿ ‘ಇ’ ಎಂಬುದು ಹೋಗುವುದನ್ನು ಸೂಚಿಸುವ ಧಾತು. ಉತ್ತರಾಯಣ, ದಕ್ಷಿಣಾಯನಗಳಲ್ಲಿರುವ ‘ಅಯನ’ ಹುಟ್ಟಿದ್ದು ಅದರಿಂದಲೇ. ಪೋಲಿಷಿನ ‘ಇಶ್ಚ್’, ‘ಇದೆ’ಗಳ ಬೇರು ಕೂಡ ಅದೇ ಎನ್ನುತ್ತಾರೆ ಭಾಷಾವಿಜ್ಞಾನಿಗಳು. ಹಾಗೆಯೇ ‘ಯಾ’ ಎಂಬುದು ಇನ್ನೊಂದು ಧಾತು. ಯಾನ, ಯಾತ್ರೆ, ಪ್ರಯಾಣ ಅದರ ಮಕ್ಕಳು. ‘ಯಾದೆ’, ‘ಯೆಹಾಚ್’ಗಳ ಬೇರೂ ಅಲ್ಲೇ ಇದೆ.

ಅಯನಕ್ಕೆ ಇದೆ, ಯಾನಕ್ಕೆ ಯಾದೆ. ಗಗನಯಾನ ಎಂಬ ಪದ ಕೇಳಿದ ಮಗುವಿಗೆ ಯಾದೆ ಎಂದರೆ ವಾಹನದ ಪಯಣ ಎಂಬುದನ್ನು ಎರಡನೆಯ ಬಾರಿ ಹೇಳಬೇಕಾಗಿಲ್ಲ. ಸಾವಿರಾರು ಮೈಲಿ ದೂರದ ಭಾಷೆಯೊಂದು ತರಗತಿಯ ಪುಸ್ತಕದಲ್ಲೇ ಅಡಗಿ ಕುಳಿತಿರುವುದು ಅಚ್ಚರಿಯಲ್ಲವೇ?

ಫಲಕಗಳೇ ಪಾಠಪುಸ್ತಕ

ಪೋಲೆಂಡಿನ ಊರುಗಳಲ್ಲಿ ಕಣ್ಣು ತೆರೆದು ಓಡಾಡುವವರಿಗೆ ಗೋಡೆಯ ಮೇಲಿನ ಫಲಕಗಳೇ ವ್ಯಾಕರಣ ಕಲಿಸುತ್ತವೆ. ಅಂಗಡಿಯ ಬಾಗಿಲ ಮೇಲೆ ‘ವೆಯ್ಶ್ಚೆ’ ಎಂದಿದ್ದರೆ ಒಳಗೆ ನಡೆಯುವ ದಾರಿ. ‘ವಿಯ್ಶ್ಚೆ’ ಎಂದರೆ ಹೊರಗೆ ನಡೆಯುವ ದಾರಿ. ಎರಡರ ಒಳಗೂ ‘ಇಶ್ಚ್’ ಕುಳಿತಿದೆ. ಆದರೆ ಕಾರು ನಿಲ್ಲಿಸುವ ಅಂಗಳದ ದ್ವಾರದಲ್ಲಿ ಈ ಫಲಕಗಳಿರುವುದಿಲ್ಲ. ಅಲ್ಲಿ ‘ಯೆಹಾಚ್’ ಬಳಗದ ‘ವ್ಯಾಸ್ತ್’, ‘ವಿಯಾಸ್ತ್’ ಇರುತ್ತವೆ. ಮನುಷ್ಯರ ಬಾಗಿಲಿಗೆ ಒಂದು ಪದ, ಚಕ್ರಗಳ ಬಾಗಿಲಿಗೆ ಇನ್ನೊಂದು.

ರೈಲು ನಿಲ್ದಾಣಗಳಲ್ಲಿ ಎರಡು ಬಗೆಯ ವೇಳಾಪಟ್ಟಿಗಳು ತೂಗುತ್ತವೆ. ಹಳದಿ ಹಾಳೆಯ ಮೇಲಿನದು ‘ಒದ್ಯಾಜ್ದಿ’, ಹೊರಡುವ ರೈಲುಗಳು. ಬಿಳಿ ಹಾಳೆಯ ಮೇಲಿನದು ‘ಪ್ಶಿಯಾಜ್ದಿ’, ಬರುವ ರೈಲುಗಳು. ವಿಮಾನ ನಿಲ್ದಾಣಕ್ಕೆ ಹೋದರೆ ಪದಗಳ ಬಾಲ ಬದಲಾಗಿ ‘ಒದ್ಲೊತಿ’, ‘ಪ್ಶಿಲೊತಿ’ ಆಗುತ್ತವೆ. ಅಲ್ಲಿರುವುದು ಹಾರಾಟದ ಧಾತು. ಪಾದಚಾರಿಗಳು ರಸ್ತೆ ದಾಟುವ ಪಟ್ಟೆ ‘ಪ್ಶೆಯ್ಶ್ಚೆ’, ವಾಹನಗಳು ರೈಲು ಹಳಿ ದಾಟುವ ಗೇಟು ‘ಪ್ಶೆಯಾಸ್ತ್’.

ತಲೆಯಲ್ಲಿ ಬರುವ ಈ ‘ವಿ’, ‘ಒದ್’, ‘ಪ್ಶಿ’, ‘ಪ್ಶೆ’, ‘ದೊ’ಗಳನ್ನು ಕಂಡು ಹೆದರಬೇಕಾಗಿಲ್ಲ. ಕನ್ನಡ ವ್ಯಾಕರಣದಲ್ಲಿ ಓದುವ ಉಪಸರ್ಗಗಳ ಕೆಲಸವನ್ನೇ ಇವು ಮಾಡುತ್ತವೆ. ಗಮನ ಎಂಬುದಕ್ಕೆ ‘ಆ’ ಸೇರಿದರೆ ಆಗಮನ, ‘ನಿರ್’ ಸೇರಿದರೆ ನಿರ್ಗಮನ. ಅದೇ ರೀತಿ ‘ವಿ’ ಎಂದರೆ ಹೊರಕ್ಕೆ, ‘ಒದ್’ ಎಂದರೆ ದೂರಕ್ಕೆ, ‘ಪ್ಶಿ’ ಎಂದರೆ ಇತ್ತ ಕಡೆಗೆ, ‘ಪ್ಶೆ’ ಎಂದರೆ ಅಡ್ಡಹಾಯ್ದು, ‘ದೊ’ ಎಂದರೆ ಮುಟ್ಟುವ ತನಕ. ಇಂಗ್ಲಿಷಿನಲ್ಲಿ ‘ಔಟ್’, ‘ಅವೇ’ಗಳು ಕ್ರಿಯಾಪದದ ಹಿಂದೆ ಬಾಲದಂತೆ ಬಂದರೆ ಪೋಲಿಷಿನಲ್ಲಿ ಇವು ಮುಂದೆ ಕೊಂಬಿನಂತೆ ನಿಲ್ಲುತ್ತವೆ.

ಗಣಿಗೆ ನಡೆದು, ಮೇಲಕ್ಕೆ ಏರಿ

ಕ್ರಾಕೋವ್ ಬಳಿಯ ವ್ಯೆಲಿಚ್ಕಾ ಉಪ್ಪಿನ ಗಣಿ ಈ ಪಾಠಕ್ಕೆ ಹೇಳಿ ಮಾಡಿಸಿದ ಪ್ರಯೋಗಶಾಲೆ. ಹದಿಮೂರನೆಯ ಶತಮಾನದಿಂದ ಇಲ್ಲಿ ಕಲ್ಲುಪ್ಪು ತೆಗೆಯುತ್ತಿದ್ದರು. ವಾಣಿಜ್ಯ ಉತ್ಪಾದನೆ 1996ರಲ್ಲಿ ನಿಂತಿತು. ಅದಕ್ಕೆ ಮೊದಲೇ, 1978ರಲ್ಲಿ, ಯುನೆಸ್ಕೋ ತನ್ನ ವಿಶ್ವ ಪರಂಪರೆಯ ಮೊಟ್ಟಮೊದಲ ಪಟ್ಟಿಗೆ ಇದನ್ನು ಸೇರಿಸಿತ್ತು. ಪ್ರವಾಸಿಗರು ಮೊದಲಿಗೆ ಸುಮಾರು 380 ಮರದ ಮೆಟ್ಟಿಲುಗಳನ್ನು ಇಳಿಯಬೇಕು. ಸುತ್ತಿ ಸುತ್ತಿ ಇಳಿದು 64 ಮೀಟರ್ ಆಳ ಮುಟ್ಟಿದಾಗ ಮೊದಲ ಅಂತಸ್ತು. ಮುಂದೆ ಉಪ್ಪಿನಲ್ಲೇ ಕೊರೆದ ಓಣಿಗಳು, ಉಪ್ಪಿನ ವಿಗ್ರಹಗಳು. 101 ಮೀಟರ್ ಆಳದಲ್ಲಿ ಸಂತ ಕಿಂಗಾಳ ದೊಡ್ಡ ಪ್ರಾರ್ಥನಾ ಮಂದಿರ. ಅಲ್ಲಿ ತೂಗುವ ದೀಪಗುಚ್ಛದ ಹರಳುಗಳೂ ಉಪ್ಪಿನವೇ. ಪ್ರವಾಸಿಗಳ ದಾರಿ 135 ಮೀಟರ್ ಆಳದಲ್ಲಿ ಕೊನೆಗೊಳ್ಳುತ್ತದೆ.

ಇಳಿದದ್ದೆಲ್ಲ ಕಾಲ ಮೇಲೆ. ಆದ್ದರಿಂದ ಅದು ‘ಇಶ್ಚ್’ ಬಳಗದ ಕೆಲಸ. ಮೇಲೆ ಬರುವುದು ಮಾತ್ರ ಗಣಿಯ ಲಿಫ್ಟಿನಲ್ಲಿ. ಆಗ ಮಾರ್ಗದರ್ಶಿಯ ಬಾಯಲ್ಲಿ ಕ್ರಿಯಾಪದ ತಟ್ಟನೆ ‘ಯೆಹಾಚ್’ ಬಳಗಕ್ಕೆ ನೆಗೆಯುತ್ತದೆ. ಇಂಗ್ಲಿಷಿನಲ್ಲಿ ‘ಡೌನ್’ ಹೋಗಿ ‘ಅಪ್’ ಹೋದರಾಯಿತು, ‘ಗೋ’ ಬದಲಾಗುವುದಿಲ್ಲ. ಪೋಲಿಷ್ ಭಾಷೆಯಾದರೋ ಮಂಡಿಯ ನೋವನ್ನು ಮರೆಯುವುದಿಲ್ಲ!

ದಕ್ಷಿಣಕ್ಕೆ ಇನ್ನೂ ಸಾಗಿದರೆ ತಾತ್ರಾ ಪರ್ವತಗಳು. ಪರ್ವತಕ್ಕೆ ಪೋಲಿಷಿನಲ್ಲಿ ‘ಗುರಾ’ ಎನ್ನುತ್ತಾರೆ. ಸಂಸ್ಕೃತದ ‘ಗಿರಿ’ಗೆ ಇದೂ ದೂರದ ನೆಂಟ. ‘ಬೆಟ್ಟಕ್ಕೆ ಹೋಗುತ್ತೇನೆ’ ಎಂಬುದನ್ನು ‘ಯಾದೆ’ಯೊಡನೆ ಹೇಳಿದರೆ ರಜೆಗೆಂದು ಗಿರಿಧಾಮಕ್ಕೆ ಹೊರಟಿದ್ದಾರೆ ಎಂದರ್ಥ. ‘ಇದೆ’ಯೊಡನೆ ಹೇಳಿದರೆ ಬೆನ್ನಿಗೆ ಚೀಲ ಕಟ್ಟಿ ಚಾರಣಕ್ಕೆ ಹೊರಟಿದ್ದಾರೆ ಎಂದರ್ಥ. ‘ಸಮುದ್ರದ ಕಣ್ಣು’ ಎಂಬ ಅರ್ಥದ ‘ಮೊರ್ಸ್ಕ್ಯೆ ಓಕೊ’ ಎಂಬ ಚೆಲುವಾದ ಸರೋವರ ಸಮುದ್ರಮಟ್ಟದಿಂದ 1395 ಮೀಟರ್ ಎತ್ತರದಲ್ಲಿದೆ. ಪ್ರವಾಸಿಗರ ಕಾರುಗಳಿಗೆ ಅಲ್ಲಿಯವರೆಗೆ ಪ್ರವೇಶವಿಲ್ಲ; ಕೊನೆಯ ಎಂಟೊಂಬತ್ತು ಕಿಲೋಮೀಟರುಗಳನ್ನು ಬಹುಮಂದಿ ನಡೆದೇ ಕ್ರಮಿಸುತ್ತಾರೆ. ಒಂದೇ ಪಯಣದಲ್ಲಿ ಎರಡೂ ಪದಗಳಿಗೆ ಕೆಲಸ.

ನಡೆಯುವ ಪತ್ರ, ನಡೆಯದ ಹಾಲು

ನಡಿಗೆಯ ಪದಗಳು ಕಾಲಿರುವವರಿಗೆ ಮಾತ್ರವೇ? ಅಲ್ಲ. ಪೋಲಿಷಿನಲ್ಲಿ ಗಡಿಯಾರ ‘ನಡೆಯುತ್ತದೆ’. ಅಂಚೆಗೆ ಹಾಕಿದ ಪತ್ರ, ಅದು ರೈಲಿನಲ್ಲೇ ಹೋದರೂ, ಮೂರು ದಿನ ‘ನಡೆಯುತ್ತದೆ’. ಚಳಿಗಾಲ ‘ನಡೆದು’ ಬರುತ್ತದೆ. ಓದು ಚೆನ್ನಾಗಿ ಸಾಗುತ್ತಿದ್ದರೆ ಅದೂ ‘ನಡೆಯುತ್ತಿದೆ’. ಕನ್ನಡದಲ್ಲೂ ಗಡಿಯಾರ ನಡೆಯುತ್ತದೆ, ಅಂಗಡಿ ನಡೆಯುತ್ತದೆ, ಜೀವನ ನಡೆಯುತ್ತದೆ. ಆದ್ದರಿಂದ ಕನ್ನಡಿಗರಿಗೆ ಇದು ಹೊಸದಲ್ಲ. ಪೋಲೆಂಡಿನಲ್ಲಿ ದಿನಕ್ಕೆ ಹತ್ತು ಬಾರಿ ಕೇಳಿಬರುವ ‘ಒ ತ್ಸೊ ಹೊಜಿ?’ ಎಂಬ ಪ್ರಶ್ನೆಯನ್ನು ಪದಕ್ಕೆ ಪದ ಇಟ್ಟು ಬಿಡಿಸಿದರೆ ‘ಯಾವುದರ ಬಗ್ಗೆ ನಡೆಯುತ್ತದೆ?’ ಎಂದಾಗುತ್ತದೆ. ನಿಜವಾದ ಅರ್ಥ ‘ಏನು ವಿಷಯ?’ ಎಂದಷ್ಟೇ.

ಆದರೆ ಇಂಗ್ಲಿಷಿನ ‘ಗೋ’ ಹೋದಲ್ಲೆಲ್ಲ ಪೋಲಿಷ್ ಪದ ಹಿಂಬಾಲಿಸುವುದಿಲ್ಲ. ಹಾಲು ಹುಳಿಯಾಗುವುದು, ದೀಪ ಆರುವುದು, ಮುಖ ಕೆಂಪಾಗುವುದು ಇವಕ್ಕೆಲ್ಲ ಅಲ್ಲಿ ಬೇರೆಬೇರೆ ಕ್ರಿಯಾಪದಗಳಿವೆ. ಹಾಲನ್ನು ‘ಇಶ್ಚ್’ ಮಾಡಲು ಹೊರಟರೆ ಪಾತ್ರೆಗೆ ಕಾಲು ಬಂದಂತೆ ಕೇಳಿಸುತ್ತದೆ. ‘ಮಾಡಲಿದ್ದೇನೆ’ ಎಂಬ ಅರ್ಥದ ‘ಗೋಯಿಂಗ್ ಟು’ ಇದೆಯಲ್ಲ, ಅಲ್ಲಿಯೂ ಹೋಗುವಿಕೆಯನ್ನು ಬಿಟ್ಟು ಭವಿಷ್ಯತ್ಕಾಲದ ರೂಪವನ್ನಷ್ಟೇ ಬಳಸಬೇಕು.

ಭೂತಕಾಲಕ್ಕೆ ಬಂದರೆ ಇನ್ನೊಂದು ಕವಲು. ಕನ್ನಡದಲ್ಲಿ ಹೋದನು, ಹೋದಳು ಎಂಬ ಲಿಂಗಭೇದ ಪ್ರಥಮ ಪುರುಷದಲ್ಲಿ ಮಾತ್ರ. ‘ನಾನು ಹೋದೆ’ ಎಂಬುದು ಗಂಡಸಿಗೂ ಹೆಂಗಸಿಗೂ ಒಂದೇ. ಪೋಲಿಷಿನಲ್ಲಿ ಅಲ್ಲಿಯೂ ಭೇದ. ನಡೆದು ಹೋದ ಹುಡುಗ ‘ಪೊಶೆದ್ವೆಮ್’ ಎಂದರೆ ಹುಡುಗಿ ‘ಪೊಶ್ವಾಮ್’ ಎನ್ನಬೇಕು. ವಾಹನದಲ್ಲಿ ಹೋದರೆ ಹುಡುಗ ‘ಪೊಯೆಹಾವೆಮ್’, ಹುಡುಗಿ ‘ಪೊಯೆಹಾವಾಮ್’. ಇಂಗ್ಲಿಷಿನ ‘ಐ ವೆಂಟ್’ ಎಂಬ ಎರಡು ಪದಗಳಿಗೆ ಕನಿಷ್ಠ ನಾಲ್ಕು ಅನುವಾದಗಳು. ಹೇಳಿದವರು ಯಾರು, ಹೋದದ್ದು ಹೇಗೆ ಎಂದು ತಿಳಿಯದೆ ಅನುವಾದಕ ಲೇಖನಿ ಎತ್ತುವಂತಿಲ್ಲ. ನಿಘಂಟಿಗೆ ಇದು ತಿಳಿದಿರುವುದಿಲ್ಲ, ಇಡೀ ಕಥೆಯನ್ನು ಓದಿದವರಿಗೆ ತಿಳಿದಿರುತ್ತದೆ.

‘ಇದೆ’ ತಪ್ಪಾಗದ ಆಗಸ್ಟ್

ದೂರದ ಊರಿಗೆ ‘ಇದೆ’ ಎನ್ನುವುದು ಎಂದೂ ತಪ್ಪೇ? ವರ್ಷದಲ್ಲಿ ಕೆಲವು ದಿನ ಅಲ್ಲ. ಚೆಂಸ್ತೊಹೋವಾ ಎಂಬ ಊರಿನ ಯಾಸ್ನಾ ಗುರಾ ಮಠ ಪೋಲೆಂಡಿನ ಕ್ಯಾಥೊಲಿಕರ ದೊಡ್ಡ ಯಾತ್ರಾಸ್ಥಳ. ಪ್ಲೇಗಿನಿಂದ ಕಂಗೆಟ್ಟಿದ್ದ ವಾರ್ಸಾದ ಜನ 1711ರಲ್ಲಿ ಹರಕೆ ಹೊತ್ತು ಅಲ್ಲಿಗೆ ನಡೆದರು. ಅಂದಿನಿಂದ ಬೆಳೆದುಬಂದ ಪಾದಯಾತ್ರೆ ಇಂದಿಗೂ ಆಗಸ್ಟ್ 6ರಂದು ವಾರ್ಸಾದಿಂದ ಹೊರಟು 14ರಂದು ಮಠ ಸೇರುತ್ತದೆ. ಇನ್ನೂರಕ್ಕೂ ಹೆಚ್ಚು ಕಿಲೋಮೀಟರು, ಒಂಬತ್ತು ದಿನ. ಆ ದಿನಗಳಲ್ಲಿ ‘ಚೆಂಸ್ತೊಹೋವಾಕ್ಕೆ ಇದೆ’ ಎಂದವರನ್ನು ಯಾರೂ ತಿದ್ದುವುದಿಲ್ಲ. ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವ ಉತ್ತರ ಕರ್ನಾಟಕದ ಭಕ್ತರು ಈ ಒಂದು ಪದದ ತೂಕವನ್ನು ಬೇಗ ಅರಿತಾರು.

ಸೂರ್ಯ ನಡೆಯುವ ಊರು

ಉತ್ತರದತ್ತ ವಿಸ್ತುಲಾ ನದಿಯ ದಡದಲ್ಲಿ ತೊರುನ್ ನಗರವಿದೆ. 1473ರ ಫೆಬ್ರವರಿ 19ರಂದು ನಿಕೊಲಾಸ್ ಕೊಪರ್ನಿಕಸ್ ಹುಟ್ಟಿದ್ದು ಇಲ್ಲಿ. ಕೆಂಪು ಇಟ್ಟಿಗೆಯ ಹಳೆಯ ಪುರಭವನದ ಎದುರು ಅವನ ಪ್ರತಿಮೆ ನಿಂತಿದೆ. ಅದರ ಪೀಠದ ಮೇಲಿನ ಲ್ಯಾಟಿನ್ ಬರಹ ಅವನನ್ನು ಭೂಮಿಯನ್ನು ಚಲಿಸುವಂತೆ ಮಾಡಿದವನು, ಸೂರ್ಯನನ್ನೂ ಆಕಾಶವನ್ನೂ ನಿಲ್ಲಿಸಿದವನು ಎಂದು ಕೊಂಡಾಡುತ್ತದೆ. 1543ರಲ್ಲಿ ಪ್ರಕಟವಾದ ಅವನ ಗ್ರಂಥ ಸೂರ್ಯನನ್ನು ನಡುವೆ ಇಟ್ಟು ಭೂಮಿಯನ್ನು ಸುತ್ತಲು ಹಚ್ಚಿತು.

ವಿನೋದವೆಂದರೆ, ಅದೇ ಊರಿನಲ್ಲಿ ಇಂದಿಗೂ ಬೆಳಗಾದರೆ ಸೂರ್ಯ ‘ಮೇಲಕ್ಕೆ ನಡೆಯುತ್ತಾನೆ’, ಸಂಜೆಯಾದರೆ ‘ಮರೆಗೆ ನಡೆಯುತ್ತಾನೆ’. ಸೂರ್ಯೋದಯಕ್ಕೂ ಪೂರ್ವ ದಿಕ್ಕಿಗೂ ‘ಫ್ಸ್ಹೂತ್’ ಎಂಬ ಒಂದೇ ಪದ, ಸೂರ್ಯಾಸ್ತಕ್ಕೂ ಪಶ್ಚಿಮಕ್ಕೂ ‘ಜಾಹೂತ್’ ಎಂಬ ಒಂದೇ ಪದ. ಎರಡೂ ‘ಹೊಜಿಚ್’ನ ಒಡಹುಟ್ಟುಗಳು. ಕನ್ನಡದಲ್ಲಿ ಸೂರ್ಯ ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ ಆಯಿತಲ್ಲ, ಇದೂ ಹಾಗೆಯೇ. ಭೂಮಿ ತಿರುಗುತ್ತಿದೆಯೆಂದು ವಿಜ್ಞಾನದ ತರಗತಿಯಲ್ಲಿ ಬರೆದ ವಿದ್ಯಾರ್ಥಿ ಮನೆಗೆ ಬಂದು ‘ಸೂರ್ಯ ಮುಳುಗಿದ’ ಎಂದರೆ ಅದು ತಪ್ಪಲ್ಲ. ಭಾಷೆ ಕಣ್ಣಿಗೆ ಕಂಡದ್ದನ್ನು ಕಾಪಾಡಿಕೊಳ್ಳುತ್ತದೆ, ವಿಜ್ಞಾನ ಅದರ ಕಾರಣವನ್ನು ಹುಡುಕುತ್ತದೆ.

ಹೊಸ್ತಿಲು ದಾಟಿದ ಮಕ್ಕಳು

ಇಷ್ಟು ಹೊತ್ತು ಕಂಡದ್ದು ಭಾಷೆಯ ಚಮತ್ಕಾರ. ಆದರೆ ‘ಹೋಗು’ ಎಂಬ ಪದ ಎಲ್ಲ ಊರುಗಳಲ್ಲೂ ತಂದೆತಾಯಿಗಳ ಎದೆಗೆ ತಾಗುವ ಪದ. ‘ಮಗ ಎಲ್ಲಿ?’ ಎಂದು ಪೋಲಿಷ್ ತಾಯಿಯನ್ನು ಕೇಳಿದರೆ ಅವಳು ‘ವಿಶೆತ್’ ಎನ್ನಬಹುದು. ನಡೆದು ಹೊರಹೋದ ಎಂದರ್ಥ. ಅಂಗಡಿಗೋ ಗೆಳೆಯನ ಮನೆಗೋ ಹೋಗಿದ್ದಾನೆ, ಊಟದ ಹೊತ್ತಿಗೆ ಬರುತ್ತಾನೆ. ಅವಳು ‘ವಿಯೆಹಾವ್’ ಎಂದರೆ ಮಾತು ಬೇರೆ. ವಾಹನ ಹತ್ತಿ ಹೊರಹೋದ. ಊರು ಬಿಟ್ಟಿದ್ದಾನೆ, ಬಹುಶಃ ದೇಶವನ್ನೇ ಬಿಟ್ಟಿದ್ದಾನೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಗಾನ್’ ಎನ್ನಬಹುದು, ಕನ್ನಡದಲ್ಲಿ ಎರಡಕ್ಕೂ ‘ಹೋಗಿದ್ದಾನೆ’ ಎನ್ನಬಹುದು. ಪೋಲಿಷ್ ತಾಯಿಯ ಕ್ರಿಯಾಪದದಲ್ಲೇ ಕಾಯಬೇಕಾದದ್ದು ಒಂದು ಗಂಟೆಯೋ ಹಲವು ವರ್ಷವೋ ಎಂಬ ಸುಳಿವು ಇರುತ್ತದೆ. 2004ರಲ್ಲಿ ಪೋಲೆಂಡ್ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಬ್ರಿಟನ್, ಐರ್ಲೆಂಡುಗಳಿಗೆ ಲಕ್ಷಗಟ್ಟಲೆ ಯುವಜನ ಹೊರಟರು. ಆಗ ಈ ಎರಡನೆಯ ಪದ ಮನೆಮನೆಯ ಮಾತಾಯಿತು.

ಆ ಪದಕ್ಕೆ ಹಳೆಯ ಕಾಲದ ಒಂದು ದೊಡ್ಡ ಉದಾಹರಣೆಯೂ ಇದೆ. ವಾರ್ಸಾದ ಫ್ರೆತಾ ಬೀದಿಯ ಮನೆಯಲ್ಲಿ 1867ರಲ್ಲಿ ಹುಟ್ಟಿದ ಮಾರಿಯಾ ಸ್ಕ್ವೊದೊವ್ಸ್ಕಾ ಬುದ್ಧಿವಂತೆ. ಆದರೆ ರಷ್ಯದ ಆಳ್ವಿಕೆಯಲ್ಲಿದ್ದ ವಾರ್ಸಾದ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಅಕ್ಕನನ್ನು ಪ್ಯಾರಿಸ್ಸಿನಲ್ಲಿ ವೈದ್ಯಕೀಯ ಓದಿಸಲು ಅವಳು ವರ್ಷಗಟ್ಟಲೆ ಮನೆಪಾಠ ಹೇಳಿ ಹಣ ಕಳಿಸಿದಳು. 1891ರಲ್ಲಿ ತಾನೂ ರೈಲು ಹತ್ತಿದಳು. ‘ವಿಯೆಹಾವಾ’, ವಾಹನ ಹತ್ತಿ ಹೊರಹೋದಳು. ಜಗತ್ತು ಅವಳನ್ನು ಮೇರಿ ಕ್ಯೂರಿ ಎಂದು ಅರಿತಿದೆ. 1898ರಲ್ಲಿ ಹೊಸ ಮೂಲಧಾತುವೊಂದನ್ನು ಕಂಡುಹಿಡಿದಾಗ ಪತಿಯೊಡನೆ ಸೇರಿ ಅದಕ್ಕೆ ಪೊಲೋನಿಯಂ ಎಂದು ಹೆಸರಿಟ್ಟಳು. ಆಗ ಪೋಲೆಂಡ್ ಭೂಪಟದ ಮೇಲೆ ಸ್ವತಂತ್ರ ದೇಶವಾಗಿ ಇರಲೇ ಇಲ್ಲ. ಹೊರಟುಹೋದವಳು ಊರಿನ ಹೆಸರನ್ನು ಮೂಲಧಾತುಗಳ ಕೋಷ್ಟಕದಲ್ಲಿ ಬರೆದಳು.

ರೈಲು ಹತ್ತಿದವರೆಲ್ಲ ಇಷ್ಟಪಟ್ಟು ಹತ್ತಿದವರಲ್ಲ. 1940 ಮತ್ತು 1941ರಲ್ಲಿ ಸೋವಿಯತ್ ಆಡಳಿತ ಪೂರ್ವ ಪೋಲೆಂಡಿನ ಲಕ್ಷಾಂತರ ಜನರನ್ನು ಸರಕು ಸಾಗಿಸುವ ರೈಲುಗಳಲ್ಲಿ ತುಂಬಿ ಸೈಬೀರಿಯ, ಕಜಾಕಿಸ್ತಾನಗಳಿಗೆ ಅಟ್ಟಿತು. ಅವರ ವಿಷಯದಲ್ಲಿ ಪೋಲಿಷರು ‘ಹೋದರು’ ಎನ್ನುವುದಿಲ್ಲ. ‘ವಿವ್ಯೆಜ್ಲಿ’ ಎನ್ನುತ್ತಾರೆ, ‘ಹೊರಕ್ಕೆ ಸಾಗಿಸಿದರು’ ಎಂದು. ಇದರಲ್ಲಿರುವ ಧಾತು ಸಂಸ್ಕೃತದ ‘ವಾಹನ’ದಲ್ಲಿರುವ ಧಾತುವಿನ ಸೋದರ. ಹಳಿಯೂ ಅದೇ, ಗಾಲಿಯೂ ಅದೇ. ಹೋದವನು ಯಾರು, ಒಯ್ಯಲ್ಪಟ್ಟವನು ಯಾರು ಎಂಬುದನ್ನು ಕ್ರಿಯಾಪದ ನೆನಪಿಟ್ಟುಕೊಳ್ಳುತ್ತದೆ.

ಹಾಗೆ ಸಾಗಿಸಲ್ಪಟ್ಟವರಲ್ಲಿ ಬದುಕುಳಿದ ಕೆಲವು ಸಾವಿರ ಮಂದಿ ಸೋವಿಯತ್ ಒಕ್ಕೂಟದಿಂದ ಹೊರಬಿದ್ದು ಭಾರತಕ್ಕೆ ಬಂದರು. 1942ರಲ್ಲಿ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಪೋಲಿಷ್ ಮಕ್ಕಳಿಗೆ ಬಾಲಾಚಡಿಯಲ್ಲಿ ಆಸರೆ ಕೊಟ್ಟರು. ವಾರ್ಸಾದಲ್ಲಿ ಇಂದು ‘ಒಳ್ಳೆಯ ಮಹಾರಾಜನ ಚೌಕ’ ಎಂಬ ಸಣ್ಣ ಉದ್ಯಾನ ಅವರ ನೆನಪನ್ನು ಉಳಿಸಿದೆ. ಬೆಳಗಾವಿಗೆ ನೆರೆಯದಾದ ಕೊಲ್ಹಾಪುರದ ಬಳಿ ವಳಿವಡೆ ಎಂಬಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷರ ಬಿಡಾರವಿತ್ತು. ಯುದ್ಧ ಮುಗಿದಾಗ ಅವರಲ್ಲಿ ಬಹಳ ಮಂದಿಯ ಊರುಗಳು ಸೋವಿಯತ್ ಒಕ್ಕೂಟದ ಪಾಲಾಗಿದ್ದವು. ಮನೆಗೆ ಹೋಗುವ ಕ್ರಿಯಾಪದವಿತ್ತು, ಮನೆಯೇ ಇರಲಿಲ್ಲ. ಕೆಲವರು ಪೋಲೆಂಡಿಗೆ ಮರಳಿದರು, ಅನೇಕರು ಬ್ರಿಟನ್ ಮೊದಲಾದ ದೂರದೇಶಗಳಲ್ಲಿ ನೆಲೆಸಿದರು.

ಆ ಆಸರೆಯ ಋಣವನ್ನು ನೆನಪಿಸುವಂಥ ದಿನಗಳು 2022ರಲ್ಲಿ ಬಂದವು. ಉಕ್ರೇನಿನ ಮೇಲೆ ರಷ್ಯ ದಾಳಿ ಮಾಡಿದಾಗ ಅಲ್ಲಿ ಓದುತ್ತಿದ್ದ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ನೆರೆದೇಶಗಳ ಗಡಿಗಳತ್ತ ಧಾವಿಸಿದರು. ಅವರಲ್ಲಿ ಕರ್ನಾಟಕದ ಮಕ್ಕಳೂ ಇದ್ದರು. ಪೋಲೆಂಡಿನ ಮೆದಿಕಾ ಗಡಿಯತ್ತ ಬಂದವರಲ್ಲಿ ಅನೇಕರು ವಾಹನ ಸಿಗದೆ ಕೊರೆಯುವ ಚಳಿಯಲ್ಲಿ ಹತ್ತಾರು ಕಿಲೋಮೀಟರು ನಡೆದರು. ಗಡಿಠಾಣೆಗೆ ಪೋಲಿಷಿನಲ್ಲಿರುವ ಹೆಸರು ಕೂಡ ‘ಪ್ಶೆಯ್ಶ್ಚೆ’, ನಡೆದು ದಾಟುವ ಜಾಗ. ಓದಲೆಂದು ವಿಮಾನದಲ್ಲಿ ಹಾರಿಹೋದ ಮಕ್ಕಳ ಪಾಲಿಗೆ ಆ ಪದ ಅಕ್ಷರಶಃ ನಿಜವಾಯಿತು. ದಾಟಿದವರನ್ನು ಝೆಶೂಫ್ ನಗರದಿಂದ ‘ಆಪರೇಷನ್ ಗಂಗಾ’ದ ವಿಮಾನಗಳು ಮನೆಗೆ ಕರೆತಂದವು.

ಪ್ರಶ್ನೆಯನ್ನು ಕಲಿಯಬೇಕು

ಪರಭಾಷೆ ಕಲಿಯುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ಕಾಲಮ್ಮಿನ ಪಟ್ಟಿ ಮಾಡುತ್ತಾರೆ. ಎಡಗಡೆ ಒಂದು ಪದ, ಬಲಗಡೆ ಅದರ ಅರ್ಥ. ಮೇಜು, ಕುರ್ಚಿ, ಬೆಕ್ಕುಗಳಿಗೆ ಆ ಪಟ್ಟಿ ಸಾಕು. ‘ಗೋ’ದಂಥ ದಿನಬಳಕೆಯ ಪದಗಳು ಬಂದಾಗ ಪಟ್ಟಿ ಕೈಕೊಡುತ್ತದೆ. ಕಷ್ಟವಾದ ಪದಗಳು ಉದ್ದವಾಗಿರುತ್ತವೆ ಎಂಬುದು ತಪ್ಪು ಕಲ್ಪನೆ; ಅತಿ ಸಣ್ಣ ಪದಗಳೇ ಅತಿ ಆಳವಾಗಿರುತ್ತವೆ. ಅಂಥಲ್ಲಿ ಉತ್ತರವನ್ನು ಬಾಯಿಪಾಠ ಮಾಡುವುದಕ್ಕಿಂತ ಆ ಭಾಷೆ ಯಾವ ಪ್ರಶ್ನೆ ಕೇಳುತ್ತಿದೆ ಎಂದು ತಿಳಿಯುವುದು ಲೇಸು. ಪೋಲಿಷ್ ಕೇಳುವ ಪ್ರಶ್ನೆ ‘ಹೇಗೆ ಹೋಗುತ್ತೀಯೆ?’ ಎಂಬುದು. ‘ನಾನು ಹೋದೆ’ ಎಂಬ ಒಂದು ವಾಕ್ಯವನ್ನು ಕಾಲ್ನಡಿಗೆ, ಬಸ್ಸು, ಹುಡುಗ, ಹುಡುಗಿ ಎಂದು ಬಿಡಿಸಿ ಬರೆದು ನೋಡಿದ ವಿದ್ಯಾರ್ಥಿಗೆ ಈ ಮಾತಿನ ಅರ್ಥ ಒಂದೇ ಸಂಜೆಯಲ್ಲಿ ತಿಳಿದೀತು.

ಕರ್ನಾಟಕದ ಮನೆಗಳಲ್ಲಿ ಹೊಸ್ತಿಲು ದಾಟುವ ಮಕ್ಕಳು ‘ಹೋಗುತ್ತೇನೆ’ ಎಂದರೆ ಹಿರಿಯರು ತಿದ್ದುತ್ತಾರೆ. ‘ಹೋಗಿ ಬರುತ್ತೇನೆ’ ಎನ್ನಬೇಕು. ಪೋಲಿಷಿನಲ್ಲಿ ಈ ಜೋಡಿಪದವಿಲ್ಲ. ಆದರೆ ಹೊರಡುವವರು ಹೇಳಬಹುದಾದ ಇನ್ನೊಂದು ಪದವಿದೆ, ‘ವ್ರುತ್ಸೆ’. ‘ಮರಳಿ ಬರುತ್ತೇನೆ’ ಎಂದರ್ಥ. ಹೋಗುವಾಗ ನಡೆದೋ, ವಾಹನದಲ್ಲೋ, ಹಾರಿಯೋ ಎಂದು ಹೆಜ್ಜೆಹೆಜ್ಜೆಗೂ ಕೇಳುವ ಆ ಭಾಷೆ ಈ ಪದದಲ್ಲಿ ಮಾತ್ರ ಏನನ್ನೂ ಕೇಳುವುದಿಲ್ಲ. ನಡೆದು ಬಂದರೂ ‘ವ್ರುತ್ಸೆ’, ರೈಲಿನಲ್ಲಿ ಬಂದರೂ ‘ವ್ರುತ್ಸೆ’, ಸಮುದ್ರ ದಾಟಿ ಬಂದರೂ ‘ವ್ರುತ್ಸೆ’. ಹೇಗಾದರೂ ಸರಿ, ಮಕ್ಕಳು ಮನೆಗೆ ಬಂದರೆ ಸಾಕು.